ಕನಸು ಬರೆಸುವ ಕೆಲಸ

ಮಕ್ಕಳ ಕೈಗೆ ಬಣ್ಣ ಕೊಟ್ಟು, ಮನಸ್ಸಿನೊಳಗೆ ಇರುವುದನ್ನು ಬರೆಯಿರಿ ಎಂದು ಹೇಳಿದವನು ಸಂಜೆ ಬರಿಗೈಯಲ್ಲಿ ಮನೆಗೆ ಬರುವುದು ಸಾಧ್ಯವೇ ಇಲ್ಲ. ಅಂಗಿಗೆ ಬಣ್ಣ ಮೆತ್ತಿಕೊಳ್ಳುವ ಹಾಗೆ ಒಂದಲ್ಲ ಒಂದು ಪ್ರಸಂಗವೂ ಮೆತ್ತಿಕೊಂಡೇ ಬರುತ್ತದೆ. ಅಂಗಿಯ ಬಣ್ಣವನ್ನಾದರೂ ನನ್ನ ಹೆಂಡತಿ ತೊಳೆದು ತೆಗೆಯುತ್ತಿದ್ದಳು.

ನಾನು ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಬೆಂಗಳೂರಿನ ಒಂದು ಸಂಸ್ಥೆಯವರು ಹಳ್ಳಿ ಶಾಲೆಗಳಲ್ಲಿ ಚಿತ್ರಕಲಾ ಶಿಬಿರ ನಡೆಸಿಕೊಡಿ ಎಂದು ಕೇಳಿದರು. ವಿಷಯ, 'ಕನಸು ಮತ್ತು ಅಂತರಂಗ'. ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ ಬರೆಸಕೂಡದು. ಮಗುವಿನ ಒಳಗಿನ ಲೋಕವೇ ಹಾಳೆಯ ಮೇಲೆ ಬರಬೇಕು ಎಂಬುದು ಅವರ ಕರಾರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ತಾಲ್ಲೂಕುಗಳು ನನ್ನ ಪಾಲಿಗೆ ಬಂದವು. ಬಸ್ಸಿನ ಟಾಪಿನ ಮೇಲೆ ಬಣ್ಣದ ಟ್ರಂಕು, ತೊಡೆಯ ಮೇಲೆ ಹಾಳೆಯ ಕಟ್ಟು ಇಟ್ಟುಕೊಂಡು ಅಂತರಂಗವನ್ನು ಹುಡುಕಿ ಹೊರಟೆ.

ಒಳಗೆ ಏನಿದೆ

ಮೊದಲ ಶಿಬಿರ ರಾವಂದೂರು ಕಡೆಯ ಒಂದು ಶಾಲೆಯಲ್ಲಿ, ಏಳನೇ ತರಗತಿಗೆ. ನಾನು ಒಳ್ಳೆಯ ಭಾಷಣವನ್ನೇ ಮಾಡಿದೆ. ಹೊರಗೆ ಕಾಣುವುದನ್ನು ಯಾರು ಬೇಕಾದರೂ ಬರೆಯುತ್ತಾರೆ, ನೀವು ನಿಮ್ಮೊಳಗೆ ಇಣುಕಿ ನೋಡಿ, ಅಲ್ಲಿ ಏನಿದೆಯೋ ಅದನ್ನು ಧೈರ್ಯವಾಗಿ ಬರೆಯಿರಿ ಎಂದೆ. ಮಕ್ಕಳು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ತಲೆ ಬಗ್ಗಿಸಿ ಬರೆಯತೊಡಗಿದರು. ಯಾರೂ ರಬ್ಬರು ಕೇಳಲಿಲ್ಲ, ಪಕ್ಕದವರ ಹಾಳೆ ನೋಡಲಿಲ್ಲ. ಅಂತರಂಗ ಇಷ್ಟು ಸಲೀಸಾಗಿ ತೆರೆದುಕೊಳ್ಳುತ್ತದೆ ಎಂದು ನಾನು ಎಣಿಸಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಸಾಲುಗಳ ನಡುವೆ ನಡೆದು ನೋಡಿದೆ. ಪ್ರತಿ ಹಾಳೆಯಲ್ಲೂ ಒಂದು ಉದ್ದನೆಯ ಕೊಳವೆ, ಅದರ ಕೆಳಗೊಂದು ಚೀಲ, ಚೀಲದ ಕೆಳಗೆ ಸುರುಳಿ ಸುರುಳಿ. ಬಾಣದ ಗುರುತು ಹಾಕಿ ಅನ್ನನಾಳ, ಜಠರ, ಯಕೃತ್ತು, ಸಣ್ಣ ಕರುಳು, ದೊಡ್ಡ ಕರುಳು ಎಂದು ದುಂಡಗೆ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಹೃದಯ ಬರೆದಿದ್ದಳು. ಆಸೆಯಿಂದ ಅವಳ ಹತ್ತಿರ ಹೋದರೆ, ಕರುಳಿನ ಪಾಠ ಮಾಡಿದ ದಿನ ತನಗೆ ಜ್ವರ ಬಂದಿತ್ತು, ಅದಕ್ಕೇ ಇದನ್ನು ಬರೆದೆ ಎಂದಳು.

ವಿಜ್ಞಾನದ ಮೇಡಂ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ತಾವು ಎಷ್ಟು ಹೇಳಿಕೊಟ್ಟರೂ ಪರೀಕ್ಷೆಯಲ್ಲಿ ಒಬ್ಬರೂ ಹೀಗೆ ಬರೆದಿರಲಿಲ್ಲ, ನಿಮ್ಮ ಕೈಗುಣ ದೊಡ್ಡದು ಎಂದು ನನ್ನನ್ನು ಹೊಗಳಿದರು. ನಾನು ಸಣ್ಣ ದನಿಯಲ್ಲಿ, ನಾನು ಕೇಳಿದ್ದು ಕರುಳಲ್ಲ ಮೇಡಂ, ಮನಸ್ಸು ಎಂದೆ.

"ಅದು ನಮ್ಮ ಸಿಲಬಸ್ಸಲ್ಲಿ ಇಲ್ಲ ಸಾರ್," ಎಂದರು.

ಕೈ ಇರುವ ಕುರ್ಚಿ

ಗಾವಡಗೆರೆ ಹತ್ತಿರದ ಒಂದು ಶಾಲೆಯ ಹೆಡ್ ಮೇಷ್ಟ್ರು ಶಿಸ್ತಿನ ಮನುಷ್ಯ. ಮಕ್ಕಳು ತಮಗೆ ಬಿದ್ದ ಒಂದು ಕನಸನ್ನು ನೆನಪಿಟ್ಟುಕೊಂಡು ಬಂದರೆ ಅನುಕೂಲ ಎಂದು ನಾನು ಮುಂಚೆಯೇ ಫೋನು ಮಾಡಿ ತಿಳಿಸಿದ್ದೆ. ಅವರು ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ತಮ್ಮ ಭಾಷೆಗೆ ತಿರುಗಿಸಿಕೊಂಡು ಹೇಳಿದ್ದರು. ಇಂದು ರಾತ್ರಿ ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಒಂದು ಕನಸು ಕಾಣತಕ್ಕದ್ದು. ಕಾಣದವರು ನಾಳೆ ತಂದೆಯನ್ನು ಕರೆತರತಕ್ಕದ್ದು.

ಮಾರನೆಯ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಒಬ್ಬ ತಂದೆ ಮಗನನ್ನು ಮುಂದೆ ಬಿಟ್ಟುಕೊಂಡು ಆಫೀಸು ರೂಮಿನ ಮುಂದೆ ನಿಂತಿದ್ದರು. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ತೂಗುಹಾಕಿದ ಬ್ಯಾರನ್ನು ಮನೆಯ ಬೆಂಕಿಯನ್ನು ಯಾರಿಗೋ ಒಪ್ಪಿಸಿ ಓಡಿ ಬಂದಿದ್ದರು, ಮೈಯೆಲ್ಲ ಹೊಗೆ ವಾಸನೆ. ಹುಡುಗನಿಗೆ ಬೇಗ ಉಣ್ಣಲಿಕ್ಕಿ, ಟಿ.ವಿ. ಆರಿಸಿ ಮಲಗಿಸಿದ್ದಾಗಿಯೂ, ಅವನ ತಾಯಿ ಮತ್ತೆ ಮತ್ತೆ ಎಬ್ಬಿಸಿ ಬಿತ್ತೇನೋ ಎಂದು ಕೇಳಿದ್ದಾಗಿಯೂ, ಆದರೂ ಬೆಳಗಿನವರೆಗೆ ಏನೂ ಬೀಳಲಿಲ್ಲವೆಂದೂ ಅವರು ಕೈಕಟ್ಟಿ ನಿಂತು ವಿವರಿಸಿದರು.

ನಾನು ಗಾಬರಿಯಾಗಿ, ಬೀಳದಿದ್ದರೆ ಏನೂ ಪರವಾಗಿಲ್ಲ ಎಂದೆ. ಹೆಡ್ ಮೇಷ್ಟ್ರು ಒಪ್ಪಲಿಲ್ಲ. ಒಬ್ಬನಿಗೆ ಸಡಿಲ ಬಿಟ್ಟರೆ ನಾಳೆಯಿಂದ ಯಾರೂ ಕನಸು ಕಾಣುವುದಿಲ್ಲ ಎಂದರು. ಆಗ ತಂದೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ನಂಗೊಂದು ಬಿದ್ದಿತ್ತು ಸಾ. ಅದ್ನೇ ಬರ್ಕೊಂಡ್ರೆ ಆಗಾಕಿಲ್ವಾ?" ಎಂದು ಕೇಳಿದರು.

ಅವರ ಕನಸು ಇದು. ಸೊಪ್ಪನ್ನು ಹರಾಜಿಗೆ ತೆಗೆದುಕೊಂಡು ಹೋಗಿದ್ದಾರೆ. ಅವರ ಮೂಟೆಗೆ ಫಸ್ಟ್ ಗ್ರೇಡು ಸಿಕ್ಕಿದೆ. ಕೊಳ್ಳುವ ಕಂಪನಿಯ ಸಾಹೇಬರು ಎದ್ದು ನಿಂತು, ಬನ್ನಿ ಗೌಡರೇ ಎಂದು ಕುರ್ಚಿ ಕೊಟ್ಟಿದ್ದಾರೆ. ಅಷ್ಟೇ. ಹೆಡ್ ಮೇಷ್ಟ್ರು ತುಂಬ ಹೊತ್ತು ಯೋಚಿಸಿ, ಪೋಷಕರ ಒಪ್ಪಿಗೆ ಇರುವುದರಿಂದ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟರು.

ಹುಡುಗ ಬರೆಯಲು ಕೂತ. ತಂದೆಗೆ ಬ್ಯಾರನ್ನಿನ ನೆನಪೇ ಹೋಯಿತು. ಮಗನ ಬೆನ್ನ ಹಿಂದೆ ಬಗ್ಗಿ ನಿಂತು, ತರಗತಿಗೆಲ್ಲ ಕೇಳುವ ಹಾಗೆ ಹೇಳಿದರು: "ಎಲ್ಡೂ ಕಡೆ ಕೈ ಇರೋ ಕುರ್ಚಿ ಕಣ್ಲಾ. ಸರ್ಯಾಗ್ ಬರಿ."

ಒಂದೇ ಕಂಬಳಿ

ಕೆ.ಆರ್. ನಗರದ ಕಡೆ, ಹೊಳೆ ದಂಡೆಯ ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ಶಿಬಿರಕ್ಕೆ ಬಂದಿದ್ದರು. ದೊಡ್ಡವನು ಒಂದು ಮೀನು ಬರೆದ. ಬಸ್ಸಿನಷ್ಟು ದೊಡ್ಡ ಮೀನು, ಅದರ ಬೆನ್ನ ಮೇಲೆ ಹುಡುಗರು ಕೂತು ಕಾವೇರಿ ದಾಟುತ್ತಿದ್ದಾರೆ. ಚಿಕ್ಕವನ ಹಾಳೆ ನೋಡಿದರೆ ಅದೇ ಮೀನು, ಅದೇ ಹುಡುಗರು. ದೊಡ್ಡವನು ಎದ್ದು ನಿಂತು, ಇವನು ನನ್ನ ಕನಸು ಕಾಪಿ ಹೊಡೆದಿದ್ದಾನೆ ಎಂದು ದೂರು ಕೊಟ್ಟ.

ಕನಸು ಕದಿಯುವುದು ಗಣಿತದ ಲೆಕ್ಕ ಕದ್ದ ಹಾಗಲ್ಲ, ಅದು ನಿನ್ನದೇ ಆಗಿರಬೇಕು ಎಂದು ನಾನು ಚಿಕ್ಕವನಿಗೆ ತಿಳಿಹೇಳಿದೆ. ಇದು ನನ್ನದೇ ಎಂದು ಅವನು ಪಟ್ಟು ಹಿಡಿದ. ಇಬ್ಬರಿಗೂ ಒಂದೇ ಕನಸು ಬೀಳುವುದು ಹೇಗೆ ಎಂದು ಕೇಳಿದೆ.

"ಇಬ್ರೂ ಒಂದೇ ಕಂಬ್ಳೀಲಿ ಮನಗೋದು ಸಾ," ಎಂದ.

ಹಾಗಾದರೆ ನಿನ್ನ ಮೀನಿಗೆ ಬಾಲ ಯಾಕಿಲ್ಲ ಎಂದು ನಾನು ಕೊನೆಯ ಪಾಟೀಸವಾಲು ಹಾಕಿದೆ. ಅವನು ಅಣ್ಣನ ಕಡೆ ಕೆಕ್ಕರಿಸಿ ನೋಡಿ ಹೇಳಿದ, "ಅಷ್ಟೊತ್ಗೆ ಇವ್ನು ಕಂಬ್ಳಿ ಎಳ್ಕೊಂಬುಟ್ಟ."

ಖಾಲಿ ಜಾಗ

ನಾನು ಕೆಲಸ ಹೇಗೆ ಮಾಡುತ್ತಿದ್ದೇನೆ ಎಂದು ನೋಡಲು ಸಂಸ್ಥೆಯ ಮೇಡಂ ಒಬ್ಬರು ಹೆಚ್.ಡಿ. ಕೋಟೆ ತಾಲ್ಲೂಕಿನ ಒಂದು ಶಾಲೆಗೆ ಬಂದರು. ಮನಶ್ಶಾಸ್ತ್ರ ಓದಿದವರು, ಮೃದು ಸ್ವಭಾವದವರು. ಹಿಂದಿನ ದಿನ ಮಕ್ಕಳಿಂದ ಬಣ್ಣದ ಕಾಗದ ಕತ್ತರಿಸಿ ಅಂಟಿಸುವ ಚಿತ್ರ ಮಾಡಿಸಿದ್ದೆ. ಗೋಂದು ಮುಗಿದಿದ್ದರಿಂದ ಬಿಸಿಯೂಟದ ಅನ್ನವನ್ನೇ ಕಿವುಚಿ ಗಂಜಿ ಮಾಡಿಕೊಂಡಿದ್ದೆವು. ಚಿತ್ರಗಳನ್ನು ಒಣಗಲೆಂದು ಅಕ್ಕಿ ಮೂಟೆಯ ಕೋಣೆಯಲ್ಲಿ ಹರಡಿ ಬೀಗ ಹಾಕಿ, ಬೆಳಗ್ಗೆ ಮೇಡಂ ಬಂದರೆಂದು ಗಡಿಬಿಡಿಯಲ್ಲಿ ತಂದು ದಾರಕ್ಕೆ ಸಿಕ್ಕಿಸಿದ್ದೆ.

ಮೇಡಂ ಒಂದೊಂದೇ ನೋಡುತ್ತ ಬಂದು ಒಂದು ಚಿತ್ರದ ಮುಂದೆ ನಿಂತುಬಿಟ್ಟರು. ಮನೆ, ಮನೆಯ ಮುಂದೆ ಒಬ್ಬ ಹುಡುಗಿ. ಅವಳ ಪಕ್ಕದಲ್ಲಿ ಹಾಳೆಯೇ ಹರಿದು ಹೋಗಿ ಒಂದು ದೊಡ್ಡ ತೂತು. ಈ ಮಗುವಿನ ಬದುಕಿನಲ್ಲಿ ಏನೋ ಇಲ್ಲವಾಗಿದೆ, ಅದು ಆ ನೋವನ್ನು ಹೀಗೆ ಹೇಳುತ್ತಿದೆ ಎಂದು ಮೇಡಂ ನನಗೆ ಪಿಸುಮಾತಿನಲ್ಲಿ ಹೇಳಿದರು. ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದನ್ನು ನೋಡಿಲ್ಲ ಎಂದರು. ನನಗೂ ಆ ತೂತಿನ ಹಿಂದುಮುಂದು ಗೊತ್ತಿರಲಿಲ್ಲ. ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಚಿತ್ರ ಮಾಡಿದ ಹುಡುಗಿಯನ್ನು ಕರೆಸಿ, ಮೇಡಂ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಇಲ್ಲಿ ಯಾರಿದ್ದರು ಪುಟ್ಟಿ ಎಂದು ಕೇಳಿದರು.

"ನಮ್ಮವ್ವ."

ಮೇಡಂ ಅವಳ ಕೈ ಹಿಡಿದುಕೊಂಡರು. "ಈಗ ಅಮ್ಮ ಎಲ್ಲಿ ಹೋದ್ರು?"

"ಇಲಿ ತಿನ್ಕೊಂಡೋಯ್ತು ಮಿಸ್," ಎಂದಳು ಹುಡುಗಿ.

ಅಷ್ಟರಲ್ಲಿ, ಶಾಲೆಯ ಬಿಸಿಯೂಟ ಬೇಯಿಸುತ್ತಿದ್ದ ಅವಳ ಅವ್ವ ಅಡುಗೆಕೋಣೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಸಾರು ಆರುತ್ತದೆ, ಮೇಡಮ್ಮನವರನ್ನು ಊಟಕ್ಕೆ ಎಬ್ಬಿಸಿ ಎಂದು ನನಗೆ ಹೇಳಿ ಒಳಗೆ ಹೋದರು.

ಆನೆಯ ಚಿತ್ರ

ಕೊನೆಯದು ವೀರನಹೊಸಹಳ್ಳಿ ಕಡೆಯ ಒಂದು ಕಾಡಂಚಿನ ಊರಿನಲ್ಲಿ ನಡೆದದ್ದು. ಅಷ್ಟರಲ್ಲಿ ಸಂಸ್ಥೆಯವರು ಹಾಳೆಗಳನ್ನು ಅಚ್ಚು ಹಾಕಿಸಿ ಕಳಿಸತೊಡಗಿದ್ದರು. ಪ್ರತಿ ಹಾಳೆಯ ನೆತ್ತಿಯ ಮೇಲೂ ದಪ್ಪ ಅಕ್ಷರದಲ್ಲಿ 'ನನ್ನ ಕನಸು' ಎಂದೂ, ಅದರ ಕೆಳಗೆ ಸಣ್ಣದಾಗಿ ಸಂಸ್ಥೆಯ ಹೆಸರೂ ಇತ್ತು.

ಆ ಹಾಳೆಯ ಮೇಲೆ ಐದನೇ ತರಗತಿಯ ಒಬ್ಬ ಹುಡುಗಿ ಬರೆದ ಚಿತ್ರ ನೋಡಿ ನಾನು ಬೆರಗಾದೆ. ಬೆಳದಿಂಗಳು, ತೆನೆ ತುಂಬಿದ ರಾಗಿ ಹೊಲ, ಮೂರು ಆನೆ. ಮರದ ಮೇಲಿನ ಅಟ್ಟಣೆಯಲ್ಲಿ ಒಬ್ಬ ಮನುಷ್ಯ ತಗಡು ಬಡಿಯುತ್ತಿದ್ದಾನೆ. ನಾಲ್ಕು ತಾಲ್ಲೂಕು ಸುತ್ತಿದ್ದಕ್ಕೆ ಕೊನೆಗೂ ಒಂದು ನಿಜವಾದ ಕನಸು ಸಿಕ್ಕಿತು ಎನಿಸಿತು. ಚಿತ್ರವನ್ನು ಎತ್ತಿ ಹಿಡಿದು ತರಗತಿಗೆ ವಿವರಿಸಿದೆ. ಹೊಲ ಎಂದರೆ ನಮ್ಮ ಮನಸ್ಸು, ಆನೆ ಎಂದರೆ ನಮ್ಮೊಳಗಿನ ಭಯ, ಮರದ ಮೇಲಿರುವವನು ನಮ್ಮ ಬುದ್ಧಿ, ಹೀಗೆ.

ಹುಡುಗಿ ಎಲ್ಲವನ್ನೂ ಮರ್ಯಾದೆಯಿಂದ ಕೇಳಿಸಿಕೊಂಡು ಎದ್ದು ನಿಂತಳು. "ಮರದ ಮ್ಯಾಲಿರೋದು ನಮ್ಮಪ್ಪ ಸಾ," ಎಂದಳು.

ಇದು ಕನಸಲ್ಲವಂತೆ, ಹೋದ ವಾರ ನಡೆದದ್ದಂತೆ. ನಿನಗೆ ಬಿದ್ದ ಕನಸನ್ನು ಬರೆಯಬೇಕಿತ್ತಲ್ಲಮ್ಮ ಎಂದೆ. ತೆನೆ ಬಲಿಯುವ ಕಾಲದಲ್ಲಿ ಊರಲ್ಲಿ ಯಾರೂ ಮಲಗುವುದೇ ಇಲ್ಲ, ಕನಸು ಬೀಳುವುದು ಹೇಗೆ ಎಂದು ಅವಳು ನನ್ನನ್ನೇ ಕೇಳಿದಳು. ಚಿತ್ರ ಚೆನ್ನಾಗಿದೆ, ಮನೆಯವರಿಗೆ ತೋರಿಸು ಎಂದು ಕೊಟ್ಟು ಕಳಿಸಿದೆ.

ಎರಡು ದಿನ ಬಿಟ್ಟು ಅವಳ ಅಪ್ಪ ಅದೇ ಚಿತ್ರವನ್ನು ಸುರುಳಿ ಸುತ್ತಿಕೊಂಡು ಶಾಲೆಗೆ ಬಂದರು. ಆನೆ ತುಳಿದದ್ದು ಆ ಮನೆಯ ಇಡೀ ವರ್ಷದ ಮುದ್ದೆ. ಪರಿಹಾರಕ್ಕೆ ಅರ್ಜಿ ಹಾಕಿದರೆ ಅರಣ್ಯ ಕಚೇರಿಯಲ್ಲಿ ಫೋಟೋ ಕೇಳಿದ್ದಾರೆ. ಆ ಊರಲ್ಲಿ ಕ್ಯಾಮರಾ ಯಾರ ಹತ್ತಿರ ಇರಬೇಕು? ಮಗಳ ಚಿತ್ರ ನೋಡಿ ಅವರಿಗೆ ಹೋದ ಜೀವ ಬಂದ ಹಾಗಾಗಿ, ಅದನ್ನೇ ತೆಗೆದುಕೊಂಡು ಹೋಗಿ ಸಾಹೇಬರ ಮೇಜಿನ ಮೇಲೆ ಹರಡಿದ್ದಾರೆ. ಸಾಹೇಬರು ಮೇಲಿನ ಸಾಲು ಓದಿ, ಕನಸಲ್ಲಿ ಆದ ನಷ್ಟಕ್ಕೆ ಪರಿಹಾರ ಕೊಡುವ ನಿಯಮ ಇಲ್ಲ ಎಂದು ವಾಪಸು ಕೊಟ್ಟಿದ್ದಾರೆ.

"ನಿಮ್ಮ ಹಾಳೆಯಿಂದ ಕೆಲ್ಸ ಕೆಟ್ಟೋಯ್ತು ಸಾ. ನೀವೇ ಬಂದು ಒಂದ್ ಮಾತು ಹೇಳ್ಬುಡಿ," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ನನಗೆ ಅದೇ ಕಷ್ಟವಾಯಿತು.

ಹೋದೆ. ಸಾಹೇಬರು ಕೆಟ್ಟವರಲ್ಲ, ಆದರೆ ಕ್ರಮಪ್ರಕಾರದ ಮನುಷ್ಯ. ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಮಕ್ಕಳಿಂದ ಕನಸು ಬರೆಸುತ್ತೇನೆ ಎಂದೆ. ಈ ಹಾಳೆ ನಿಮ್ಮದೇ ತಾನೇ ಎಂದರು. ಹೌದು ಎಂದೆ. ಹಾಗಾದರೆ ಇದು ಕನಸೇ ಆಯಿತಲ್ಲ ಎಂದು ಅವರು ಕುರ್ಚಿಗೆ ಒರಗಿದರು. ಎರಡು ವರ್ಷ ಊರೂರು ಸುತ್ತಿ, ಹೊರಗಿನದನ್ನು ಬಿಡಿ, ಒಳಗಿನದನ್ನು ನೋಡಿ ಎಂದು ಸಾರಿದ ನಾನು ಅವತ್ತು ಎರಡೂ ಕೈ ಜೋಡಿಸಿ ನಿಂತು, "ಇದರಲ್ಲಿ ಒಳಗಿನದು ಏನೂ ಇಲ್ಲ ಸಾರ್. ಎಲ್ಲಾ ಹೊರಗಿನದೇ," ಎಂದೆ.

ಅವರು ಮತ್ತೊಮ್ಮೆ ಚಿತ್ರ ನೋಡಿದರು. ಅರ್ಜಿಯಲ್ಲಿ ಎರಡು ಆನೆ ಎಂದಿದೆ, ಇಲ್ಲಿ ಮೂರು ಇವೆಯಲ್ಲ ಎಂದರು. ಮೂರನೆಯದು ಹೊಲಕ್ಕೆ ಇಳಿಯಲಿಲ್ಲ, ಬದುವಿನ ಮೇಲೆಯೇ ನಿಂತಿತ್ತು, ಸುಮ್ಮನೆ ಅದರ ಮೇಲೆ ಯಾಕೆ ದೂರು ಹೇಳಲಿ ಎಂದು ಅಪ್ಪ ವಿವರಿಸಿದರು. ಬಗ್ಗಿ ನೋಡಿದರೆ ಚಿತ್ರದಲ್ಲೂ ಅದು ಬದುವಿನ ಮೇಲೇ ನಿಂತಿತ್ತು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಮೇಲಿನ ಅಕ್ಷರ ಕತ್ತರಿಸಿ ಕೊಡಿ ಎಂದು ಕತ್ತರಿಯನ್ನು ನನ್ನ ಕಡೆ ಸರಿಸಿದರು. ನಾನು ಸಂಸ್ಥೆಯ ಹೆಸರಿನ ಸಮೇತ ಕನಸನ್ನು ನೀಟಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಸಂಜೆಗೇ ಗಾರ್ಡು ಹೊಲಕ್ಕೆ ಬಂದು ಹೆಜ್ಜೆ ನೋಡಿಕೊಂಡು ಹೋದ. ಕೆಲವು ತಿಂಗಳಾದ ಮೇಲೆ ಪರಿಹಾರವೂ ಬಂತಂತೆ.

ಶಿಬಿರದ ಕೊನೆಯ ದಿನ ಚಿತ್ರಗಳನ್ನೆಲ್ಲ ಶಾಲೆಯ ಜಗುಲಿಯಲ್ಲಿ ತೂಗುಹಾಕಿದೆವು. ಬೇರೆ ಊರುಗಳಲ್ಲಿ ಇಂಥ ಪ್ರದರ್ಶನಕ್ಕೆ ಮೇಷ್ಟ್ರುಗಳ ಹೊರತು ಯಾರೂ ಬರುತ್ತಿರಲಿಲ್ಲ. ಅಲ್ಲಿ ನೋಡಿದರೆ ಹುಡುಗಿಯ ಅಪ್ಪ ಅರ್ಧ ಊರನ್ನೇ ಕರೆದುಕೊಂಡು ಬಂದಿದ್ದರು. ಗಂಡಸರು ಹೆಂಗಸರು ಎಲ್ಲ ಒಂದೊಂದು ಚಿತ್ರದ ಮುಂದೆಯೂ ನಿಂತು ಹುಡುಕಿ ಹುಡುಕಿ ನೋಡಿದರು, ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕಲೆ ಕೊನೆಗೂ ಜನರನ್ನು ತಲುಪಿತು ಎಂದುಕೊಂಡೆ.

ಎಲ್ಲ ನೋಡಿ ಮುಗಿಸಿ ಅಪ್ಪ ನನ್ನ ಹತ್ತಿರ ಬಂದರು. ಉಳಿದವರು ಅವರ ಹಿಂದೆ ಗುಂಪಾಗಿ ನಿಂತರು.

"ಇವ್ರಿಗೆಲ್ಲ ಆನೆಗಿಂತ ಹಂದಿ ಕಾಟನೇ ಜಾಸ್ತಿ ಸಾ," ಎಂದರು. "ಮುಂದ್ಲ ಸತಿ ಹಂದಿದೂ ಒಂದೊಂದು ಬರೆಸ್ಬುಡಿ. ಹಾಳೆ ಮಾತ್ರ ಖಾಲಿದು ತನ್ನಿ."