ಸತ್ತ ಮದ್ದು, ಜೀವಂತ ಕೋಳಿ

ಕೋಳಿಗಳ ಒಡನಾಟದ ವೃತ್ತಿಯಲ್ಲಿ ಗಾಂಭೀರ್ಯ ಉಳಿಸಿಕೊಳ್ಳಲು ನಾನು ಶಕ್ತಿಮೀರಿ ಯತ್ನಿಸಿದ್ದೇನೆ. ಕೋಳಿಗಳಾಗಲಿ ಅವುಗಳ ಒಡತಿಯರಾಗಲಿ ಸಹಕರಿಸಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಮಂಗಳೂರಿನ ಚಿಕ್ಕದೊಂದು ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ಕೋಳಿ ಕಾಲರಾಕ್ಕೆ ಅಪಾಯವಿಲ್ಲದ ಲಸಿಕೆ ತಯಾರಿಸುವುದು ನಮ್ಮ ಡಾಕ್ಟರರ ಹಂಬಲವಾಗಿತ್ತು.

೧

ಹಿಂದಿನ ಲಸಿಕೆಯ ರೋಗಾಣುಗಳು ದುರ್ಬಲವಾಗಿದ್ದರೂ ಜೀವಂತವಾಗಿದ್ದವು. ಅದನ್ನು ಚುಚ್ಚಿಸಿದ ಮೇಲೆ ದೇರೆಬೈಲಿನ ಒಬ್ಬಾಕೆಯ ನಾಲ್ಕು ಹೇಂಟೆಗಳು ಸತ್ತಿದ್ದವು. ಆಕೆ ಒಪ್ಪದೆ ನೆರೆಯವರು ಯಾರೂ ತಮ್ಮ ಕೋಳಿ ಮುಟ್ಟಲು ಬಿಡರು; ಅಲ್ಲಿ ಪರೀಕ್ಷೆ ನಡೆಯದಿದ್ದರೆ ಡಾಕ್ಟರರ ಕೆಲಸ ನಿಂತಂತೆಯೇ.

ಅವರು ಆಕೆಯ ಅಂಗಳದಲ್ಲಿ ನಿಂತು ತಾಳ್ಮೆಯಿಂದ ವಿವರಿಸಿದರು: ಈ ಸಲ ರೋಗಾಣುಗಳನ್ನು ಕೊಂದೇ ಬಾಟಲಿಗೆ ತುಂಬಿದ್ದೇವೆ, ಸತ್ತವು ಏನೂ ಮಾಡಲಾರವು.

ಆಕೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಏನೂ ಮಾಡದಿದ್ದರೆ ಚುಚ್ಚುವುದು ಎಂತಕ್ಕೆ ಮಾರಾಯ್ರೆ?"

ಸಮರ್ಪಕ ಉತ್ತರ ಡಾಕ್ಟರರಿಗೆ ಹೊಳೆದದ್ದು ಹಿಂದಿರುಗುವ ಬಸ್ಸಿನಲ್ಲಿ. ಅದನ್ನು ಕಂಡಕ್ಟರನು ಕೇಳಬೇಕಾಯಿತು.

೨

ಬಿಜೈಯಲ್ಲಿದ್ದ ನನ್ನ ಮಾವ್ಶಿ, ಅಂದರೆ ತಾಯಿಯ ತಂಗಿ, ನನ್ನ ಮುಖ ನೋಡಿ ತನ್ನ ಆರು ಕೋಳಿಗಳಿಗೆ ಹೊಸ ಲಸಿಕೆ ಹಾಕಿಸಿದಳು. ವಾರದ ಬಳಿಕ ಡಾಕ್ಟರರೂ ನಾನೂ ಹೋದಾಗ ಐದೇ ಇದ್ದವು. ಡಾಕ್ಟರರ ಮುಖ ಬಿಳಿಚಿತು. ಲಸಿಕೆಯಿಂದ ಒಂದು ಸತ್ತರೂ ದೇರೆಬೈಲಿನ ದಾರಿ ಮುಚ್ಚಿದಂತೆ. ಮಾವ್ಶಿ ಬಹಳ ಹೊತ್ತು ಸೆರಗು ಸರಿಪಡಿಸಿಕೊಂಡಳು.

"ಸೂಜಿಯಿಂದ ಅಲ್ಲ, ಬಾಯೆ. ಅಳಿಯ ಬಂದಿದ್ದ."

ದಾಖಲೆಯಲ್ಲಿ ಅಸತ್ಯ ಬರೆಯಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. 'ಮರಣದ ಕಾರಣ' ಎಂಬಲ್ಲಿ 'ಅಳಿಯ' ಎಂದು ಬರೆದೆ. ಈ ರೋಗ ಹರಡುವ ವಿಧಾನವನ್ನು ವಿಚಾರಿಸಿ ಮೇಲಧಿಕಾರಿಗಳಿಂದ ಪತ್ರ ಬಂತು.

೩

ಆ ಮಳೆಗಾಲದಲ್ಲಿ ಬಿಜೈಯ ಕೋಳಿಗಳಿಗೆ ಕಾಲರಾ ತಗಲಿತು. ಮಾವ್ಶಿಯ ಐದೂ ಉಳಿದವು. ಆ ಸುದ್ದಿಯೊಡನೆ ನಾವು ಮತ್ತೆ ದೇರೆಬೈಲಿಗೆ ಹೋದೆವು. ಹೇಂಟೆ ಕಳೆದುಕೊಂಡಿದ್ದಾಕೆ ಎಲ್ಲವನ್ನೂ ಕೇಳಿದಳು. ಬೇಲಿಯಾಚೆ ನೆರೆಯ ಹೆಂಗಸರು ಸಾಲಾಗಿ ನಿಂತಿದ್ದರು.

"ಅಷ್ಟು ಸಾಧು ಮದ್ದಾದರೆ ಮೊದಲು ನೀವು ಚುಚ್ಚಿಸಿಕೊಳ್ಳಿ, ನೋಡುವ."

ಡಾಕ್ಟರರು ತಮ್ಮ ಬಾಟಲಿಯನ್ನು ನಂಬಿದವರು. ಅಂಗಿಯ ತೋಳು ಮೇಲಕ್ಕೆ ಮಡಚಿದರು. ಸಾವಿರಾರು ಕೋಳಿಗಳಿಗೆ ಚುಚ್ಚಿದ ಆ ಮನುಷ್ಯರಿಗೆ ಸೂಜಿ ಎಂದರೆ ಭಯವೆಂದು ನನಗೆ ತಿಳಿದಿರಲಿಲ್ಲ. ನಾನು ಸಿರಿಂಜು ಎತ್ತಿದೆ. ಸೂಜಿ ಇನ್ನೂ ಗೇಣು ದೂರವಿರುವಾಗಲೇ ಅವರು ಕೋಳಿಗೂಡಿಗೆ ಒರಗಿ ನೆಲಕ್ಕೆ ಜಾರಿದರು. ಎಲ್ಲವೂ ಮುಗಿಯಿತೆಂದುಕೊಂಡೆ.

ಆಕೆ ಅವರ ಮುಖಕ್ಕೆ ನೀರು ಚಿಮುಕಿಸಿ, ಸೆರಗಿನಿಂದ ಗಾಳಿ ಹಾಕಿದಳು. ಅವರು ಕಣ್ಣು ತೆರೆದು ಮತ್ತೆ ತೋಳನ್ನೇ ಮುಂದೆ ಚಾಚಿದರು. ಆಕೆ ಅದನ್ನು ಮೆಲ್ಲಗೆ ಕೆಳಗಿಳಿಸಿದಳು. ಇಷ್ಟು ಹೆದರಿಯೂ ಕೈ ಚಾಚುವವರು ಕೋಳಿ ಕೊಲ್ಲಲು ಬಂದವರಲ್ಲ ಎಂದು ನೆರೆಯವರಿಗೆ ಹೇಳಿ, ಗೂಡಿನ ಬಾಗಿಲು ತೆರೆದಳು.

"ಕೋಳಿಯನ್ನು ನಾನು ಹಿಡೀತೇನೆ, ಬಾಯಮ್ಮ. ಡಾಕ್ಟರನ್ನು ನೀವು ಹಿಡಿಯಿರಿ."