ಕಪಿಲೆ ಬಿಡುಗಡೆ

ಸರಗೂರು ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಂಜುಂಡೇಶ ಬೆಳಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲೇ ವಾಟ್ಸಾಪ್ ಸ್ಟೇಟಸ್ ಹಾಕಿದ. ಆಮೇಲೆ ನಡೆದದ್ದಕ್ಕೆಲ್ಲ ಅದೇ ಮೂಲ.

‘ಇಂದು ಸಂಜೆ ಐದಕ್ಕೆ ಕಪಿಲೆ ಬಿಡುಗಡೆ. ನಿಮ್ಮ ಹಳೇ ಮಷೀನು ಉಳಿಸಿಕೊಳ್ಳಿ. ವಿವರಕ್ಕೆ ಅಂಗಡಿಗೆ ಬನ್ನಿ.’

ಬರೆದವನ ಮನಸ್ಸಿನಲ್ಲಿದ್ದದ್ದು ಟಿಲ್ಲಿ. ಟಿಲ್ಲಿ ಎಂದರೆ ಕಂಪ್ಯೂಟರ್ ನಡೆಸುವ ಒಂದು ಆಪರೇಟಿಂಗ್ ಸಿಸ್ಟಂ. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದು, ಅಟ್ಟ ಸೇರಿದ ಕಂಪ್ಯೂಟರಿಗೂ ಜೀವ ಬರುತ್ತದೆ. ಲೋಕದಲ್ಲಿ ಅದನ್ನು ಬಳಸುವವರನ್ನೆಲ್ಲ ಕೂಡಿಸಿದರೂ ಒಂದು ಕೆಂಪು ಬಸ್ಸು ತುಂಬುವುದು ಕಷ್ಟ. ಅದಕ್ಕೆ ಕನ್ನಡ ಕಲಿಸಿದವನು ನಂಜುಂಡೇಶ. ಅದರ ಒಂದೊಂದು ಹೊಸ ಆವೃತ್ತಿಗೂ ಒಂದೊಂದು ನದಿಯ ಹೆಸರಿಡುವುದು ವಾಡಿಕೆ. ಈ ಸಲ ಇವನು ಗೋಗರೆದು ತನ್ನೂರಿನ ಹೊಳೆ ಕಪಿಲೆಯ ಹೆಸರಿಡಿಸಿದ್ದ. ಆದರೆ ಟಿಲ್ಲಿಯ ಯಜಮಾನರು ಪರದೇಶದಿಂದ ಒಂದು ಮಾತು ತಿಳಿಸಿದ್ದರು: ಬಿಡುಗಡೆಯ ದಿನ ಹೊಸಬರೊಬ್ಬರಾದರೂ ಕನ್ನಡದಲ್ಲಿ ಹಾಕಿಸಿಕೊಳ್ಳದಿದ್ದರೆ, ಮುಂದೆ ಕನ್ನಡವನ್ನು ಕೈಬಿಡುತ್ತೇವೆ. ಒಬ್ಬರು ಸಾಕಿತ್ತು. ಆ ಒಬ್ಬರಿಗಾಗಿ ನಂಜುಂಡೇಶ ಬಾಗಿಲಿಗೂ ಮೇಜಿಗೂ ಶತಪಥ ತಿರುಗುತ್ತಿದ್ದ.

ಅಷ್ಟರಲ್ಲಿ ಟ್ರ್ಯಾಕ್ಟರೊಂದು ಬಂದು ನಿಂತಿತು. ಟ್ರೈಲರಿನಲ್ಲಿ ಕೆಸರು ಮೆತ್ತಿದ ಪಂಪ್‌ಸೆಟ್ಟುಗಳು ಮಡುವಿನಿಂದ ಎದ್ದುಬಂದ ಎಮ್ಮೆಗಳ ಹಾಗೆ ಮಲಗಿದ್ದವು. ಹೊಳೆದಂಡೆಯಲ್ಲಿ ಬಾಳೆ ಹಾಕಿದ್ದ ಗುರುಸ್ವಾಮಿ ಕೆಳಗೆ ಧುಮುಕಿದ.

“ಪುಣ್ಯಾತ್ಮ ಕಣಪ್ಪ ನೀನು! ಮಷೀನು ಉಳಿಸ್ಕಳಿ ಅಂದೆಯಲ್ಲ, ಅಷ್ಟೂ ಕಿತ್ಕ ಬಂದೀವಿ. ಎಷ್ಟು ಬುಡ್ತಾರಂತೆ?”

“ಏನ ಬುಡ್ತಾರೆ?”

“ನೀರು ಕಣ್ಲಾ! ಕಪಿಲೆ!”

“ಅಯ್ಯೋ, ಅಂಗಲ್ಲ ಗುರುಸ್ವಾಮಣ್ಣ. ಇದು ನೀರಿಂದಲ್ಲ, ಕಂಪ್ಯೂಟ್ರಿಂದು.”

“ಅದನ್ನೇ ನಾನೂ ಏಳಿದ್ದು! ಆಡ್ರು ಬರೋಗಂಟ ಡ್ಯಾಮಿನೋರು ಬಾಯಿ ಬುಡಂಗಿಲ್ಲ. ನಿಂಗಾದ್ರೆ ಕಂಪ್ಯೂಟ್ರಲ್ಲಿ ಮೊದ್ಲೇ ಬತ್ತದೆ.”

ನಂಜುಂಡೇಶ ಗಾಬರಿಯಾಗಿ ಸ್ಟೇಟಸ್ ಅಳಿಸಿದ. ಅದು ಇನ್ನೂ ಕೆಟ್ಟದ್ದಾಯಿತು. ಅಳಿಸಿದ್ದಾನೆ ಎಂದರೆ ಮೇಲಿನವರು ಗದರಿಸಿರಬೇಕು, ಗದರಿಸಿದ್ದಾರೆ ಎಂದರೆ ನೀರು ಬರುವುದು ಖಾತ್ರಿ ಎಂದು ಬೀದಿಯೇ ತೀರ್ಮಾನ ಮಾಡಿತು. ಉಳಿದವರೂ ಮೋಟಾರು ಎತ್ತಲು ಹೊಳೆಗೆ ಓಡಿದರು. ಅವರಿಗೆ ಶಾಕ್ ಹೊಡೆಯದಿರಲೆಂದು ಲೈನ್‌ಮನ್ ಕರೆಂಟು ತೆಗೆದ. ಅಂಗಡಿಯ ಕಂಪ್ಯೂಟರು ಕಣ್ಣು ಮುಚ್ಚಿತು.

ಕತ್ತಲಾದ ಅಂಗಡಿಯೊಳಗೆ ಹೊಳೆ ಪಕ್ಕದ ಮನೆಯ ಪುಟ್ಟಮಲ್ಲಮ್ಮ ಒಂದು ಟ್ರಂಕು, ಪಂಜರದೊಳಗಿನ ಗಿಣಿ ಸಮೇತ ಬಂದು ಕೂತಳು. “ಎತ್ತರದಲ್ಲಿರೋ ನೆಂಟ ಅಂದ್ರೆ ನೀನೊಬ್ನೇ ಕಣ್ ಮಗ. ನೀರು ಇಳಿಯೋಗಂಟ ಇರ್ತೀನಿ. ಕಾಫಿಗೇಳು.”

ಕಾಫಿಗೆ ಹೇಳುವಷ್ಟರಲ್ಲಿ ಮನೆಯಿಂದ ಹೆಂಡತಿ ಉಷಾರಾಣಿಯ ಫೋನು. “ಏನ್ರೀ, ಊರಿಗೆಲ್ಲ ನೀರು ಬಿಡ್ತಿದ್ದೀರಂತೆ? ನಮ್ಮನೆ ನಲ್ಲೀಲಿ ಮೊನ್ನೆಯಿಂದ ತೊಟ್ಟಿಲ್ಲ. ಒಂಚೂರು ಇತ್ತಗೂ ತಿರುಗ್ಸಿ.”

ಕಡೆಗೆ ನಂಜುಂಡೇಶ ಕಪಿಲೆಗೆ ಕಟ್ಟಿದ ಬೀಚನಹಳ್ಳಿ ಡ್ಯಾಮಿನಲ್ಲಿ ಕೆಲಸಕ್ಕಿದ್ದ ಗೆಳೆಯ ಕಾಂತರಾಜನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದ.

“ಈಗ್ಲಂತೂ ಏನೂ ಇಲ್ಲ ಕಣ್ಲಾ,” ಎಂದ ಕಾಂತರಾಜ. “ಆದ್ರೆ ಮೇಲ್ಗಡೆ ವಯನಾಡಲ್ಲಿ ಮಳೆ ಇಡ್ದದೆ...”

ಮೊದಲ ಮಾತು ಕೇಳಿದ್ದೇ ಅಲ್ಲಿ ಗಲಾಟೆ ಎದ್ದದ್ದರಿಂದ ಎರಡನೆಯದು ಯಾರ ಕಿವಿಗೂ ಬೀಳಲಿಲ್ಲ.

“ಥೂ, ನಿನ್ನ ಮಾತು ಕಟ್ಕಂಡು ಸೊಂಟ ಮುರ್ಕಂಡ್ವಲ್ಲೋ!” ಗುರುಸ್ವಾಮಿ ಟವೆಲ್ ಕೊಡವಿದ. “ಯಾರು ಇಳಿಸೋರು ಇವ್ನೆಲ್ಲ?”

“ನಾನೇ ಇಳಿಸ್ಕೊಡ್ತೀನಿ, ಬನ್ನಿ. ನಿಮ್ ಮಗಳು ಹೇಮಶ್ರೀದು ಕೆಟ್ಟ ಲ್ಯಾಪ್‌ಟಾಪ್ ಅದೆಯಲ್ಲ, ಅದಕ್ಕೆ ಟಿಲ್ಲಿ ಹಾಕಿಸ್ಕೊಬೇಕು. ಐದ್ ಗಂಟೆಗೆ.”

“ಟಿಲ್ಲಿನಾರ ಹಾಕು, ಪಿಲ್ಲಿನಾರ ಹಾಕು. ಮೊದ್ಲು ಮೋಟ್ರಿಗೆ ಕೈ ಹಾಕು.”

ನಂಜುಂಡೇಶನಿಗೆ ಹೋದ ಜೀವ ಬಂದಂತಾಯಿತು. ಸಿಕ್ಕರಲ್ಲ ಒಬ್ಬರು! ಹೊಳೆದಂಡೆಗೆ ಹೋಗಿ ಪ್ಯಾಂಟು ಮಡಚಿ, ಮಂಡಿಯುದ್ದ ಕೆಸರಿನಲ್ಲಿ ಇಳಿದು, ಜೆರಾಕ್ಸ್ ಹಾಳೆಗಿಂತ ಭಾರವಾದದ್ದೇನನ್ನೂ ಎತ್ತದ ಕೈಗಳಲ್ಲಿ ಮೋಟಾರುಗಳನ್ನು ಹೊತ್ತ. ನಡುನಡುವೆ ಗಡಿಯಾರ ನೋಡಿಕೊಂಡ. ಕೊನೆಯ ಮೋಟಾರಿನ ಬೋಲ್ಟು ಬಿಗಿಯುವ ಹೊತ್ತಿಗೆ ಬೆನ್ನು ಬಿಲ್ಲಾಗಿತ್ತು, ಕರೆಂಟು ಬಂದಿತ್ತು, ಹೇಮಶ್ರೀ ಲ್ಯಾಪ್‌ಟಾಪ್ ತಂದು ದಂಡೆಯ ಮೇಲೆ ಇಟ್ಟಿದ್ದಳು. ಐದಕ್ಕೆ ಇನ್ನೇನು ಗಳಿಗೆ. ನಂಜುಂಡೇಶ ಅಂಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದ. ಟಿಲ್ಲಿಯವರ ಮೇಲ್ ಬಂದಿತ್ತು.

‘ಕೊನೇ ಗಳಿಗೆಯಲ್ಲಿ ಒಂದು ದೋಷ ಕಂಡಿದೆ. ಕಪಿಲೆಯ ಬಿಡುಗಡೆ ಬರುವ ಗುರುವಾರ ಸಂಜೆ ಐದಕ್ಕೆ. ನಿಮ್ಮವರಿಗೆಲ್ಲ ತಿಳಿಸಿ.’

ಅವನು ಅದನ್ನು ಎರಡನೇ ಸಲ ಓದುತ್ತಿದ್ದಾಗ ರಸ್ತೆಯ ಕಡೆಯಿಂದ ಆಟೋದ ಮೈಕು ಕೂಗಿತು. “ಕಪಿಲಾ ನದಿಪಾತ್ರದ ಜನರ ಗಮನಕ್ಕೆ! ಒಳಹರಿವು ಹೆಚ್ಚಿರುವುದರಿಂದ ಜಲಾಶಯದಿಂದ ನೀರು ಬಿಡುಗಡೆ ಮಾಡಲಾಗುತ್ತಿದೆ! ಪಂಪ್‌ಸೆಟ್ಟುಗಳನ್ನು ತೆರವು ಮಾಡಿಕೊಳ್ಳಿ!”

ಎಲ್ಲರೂ ಮೊದಲು ಗಡಿಯಾರ ನೋಡಿದರು, ಆಮೇಲೆ ನಂಜುಂಡೇಶನನ್ನು ನೋಡಿದರು.

“ಬೆಳಿಗ್ಗೇನೇ ಟೈಮು ಸಮೇತ ಏಳಿದ್ದ ಕಣ್ರಲಾ!” ಗುರುಸ್ವಾಮಿ ಕೈ ಮುಗಿದ. “ನಾವು ಪಾಪಿಗಳು, ನಂಬ್ನಿಲ್ಲ. ತಪ್ಪಾಯ್ತು ಕಣಪ್ಪ. ಮುಂದಿನ ಬಿಡುಗಡೆ ಯಾವತ್ತು, ಅದ್ನೊಂದು ಏಳ್ಬುಡು.”

ದಿನ, ಹೊತ್ತು ಎರಡೂ ನಂಜುಂಡೇಶನ ಕೈಯಲ್ಲೇ ಬೆಳಗುತ್ತಿದ್ದವು. ಬಾಯಿ ತೆರೆದ. ಆಗತಾನೇ ಬಿಗಿದು ಮುಗಿಸಿದ್ದ ಮೋಟಾರುಗಳನ್ನು ನೋಡಿ ಮುಚ್ಚಿದ. ಮೊಬೈಲನ್ನು ಜೇಬಿಗೆ ತುರುಕಿದ.

“ಯಾವ ಬಿಡುಗಡೇನೂ ಇಲ್ಲ ಗುರುಸ್ವಾಮಣ್ಣ.”

“ಕೇಳುದ್ರೇನ್ರಲಾ!” ಗುರುಸ್ವಾಮಿ ದಂಡೆ ಅದುರುವಂತೆ ಕೂಗಿದ. “ಬೆಳಿಗ್ಗೇನೂ ಇಂಗೇ ನೀರಿಂದಲ್ಲ ಅಂದಿದ್ದ! ಇದ್ಕಿಂತ ಜೋರಾಗೇ ಬತ್ತದೆ! ಮೋಟ್ರಷ್ಟೇ ಅಲ್ಲ, ಪೈಪೂ ಕೀಳ್ರಿ! ನಂಜುಂಡೇಸಾ, ನೀ ಆ ಕಡೆ ಇಡ್ಕೊ!”