ಯಾರು ಬೇಕಾದರೂ ತಿದ್ದಬಹುದಾದ ಶಾಲೆ

ನಮ್ಮ ಶಾಲೆಯಲ್ಲಿ ನಗು ಬರುವಂಥದ್ದು ಆಗುತ್ತಿದ್ದುದೆಲ್ಲ ನಗಬಾರದ ದಿನಗಳಲ್ಲೇ. ಯಾಕೆ ಹಾಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಸಕಲೇಶಪುರದಿಂದ ಹೊಂಗಡಹಳ್ಳದ ಕಡೆ ಹೋಗುವ ರಸ್ತೆಯ ಪಕ್ಕ, ಎರಡು ಕಾಫಿ ಎಸ್ಟೇಟ್‌ಗಳ ನಡುವೆ ಇದ್ದ ಪ್ರೌಢಶಾಲೆ ಅದು. ನಾನು ಸಮಾಜ ವಿಜ್ಞಾನದ ಟೀಚರ್. ಕಾಫಿ ರೇಟು ಬಿದ್ದು, ಎಸ್ಟೇಟಿನ ಲೈನ್ ಮನೆಗಳಲ್ಲಿದ್ದ ಕೂಲಿಯವರು ಒಂದೊಂದೇ ಸಂಸಾರ ಜಾಗ ಬಿಡುತ್ತಿದ್ದ ಕಾಲ. ಪ್ರತಿ ಜೂನ್‌ನಲ್ಲೂ ಒಂದು ಬೆಂಚು ಖಾಲಿಯಾಗಿ ಗೋಡೆಗೆ ಒರಗುತ್ತಿತ್ತು. ಅಂಥ ಹೊತ್ತಿನಲ್ಲಿ ಸರ್ಕಾರ ನಮಗೆ ಐದು ಕಂಪ್ಯೂಟರ್ ಕೊಟ್ಟಿತು. ಮಕ್ಕಳು ಕಮ್ಮಿ ಆಗುತ್ತಾ ಹೋದಂತೆ ಒಬ್ಬೊಬ್ಬರಿಗೆ ಸಿಗುವ ಕಂಪ್ಯೂಟರ್ ಜಾಸ್ತಿ ಆಗುತ್ತಾ ಹೋಯಿತು. ನಮ್ಮ ಪ್ರಗತಿ ಅಂದರೆ ಅಷ್ಟೇ.

೧. ಹಸಿರು ಶಾಯಿ

ಹಾಸನದಲ್ಲಿ ಮೂರು ದಿನದ ತರಬೇತಿಗೆ ಹೋಗಿ ನಾನು ವಿಕಿ ಅನ್ನುವುದನ್ನು ಕಲಿತು ಬಂದೆ. ವಿಷಯ ಸುಲಭ. ಇಂಟರ್ನೆಟ್ಟಿನಲ್ಲಿ ಒಂದು ಪುಟ ಇರುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಸೇರಿಸಬಹುದು, ಅಳಿಸಬಹುದು. ಅಳಿಸಿದ್ದು ಕೂಡ ಹಿಂದಿನ ಪುಟಗಳಲ್ಲಿ ಉಳಿದಿರುತ್ತದೆ. ಮಕ್ಕಳೆಲ್ಲ ಸೇರಿ ತಮ್ಮ ಊರಿನ ಬಗ್ಗೆ ತಾವೇ ಪಾಠ ಬರೆಯಲಿ ಅಂತ ನನ್ನ ಆಸೆ.

ನಮ್ಮ ಹೆಡ್‌ಮಾಸ್ಟರು ಆಲೂರಿನ ಪಾಳ್ಯದ ಕಡೆಯವರು. ಅವರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಅವತ್ತಿಂದ ಅವರು ಮಾತು ಕಮ್ಮಿ ಮಾಡಿ ಕಡತ ಜಾಸ್ತಿ ಮಾಡಿದ್ದರು.

"ಅಂದ್ರೆ ಮಕ್ಳು ಬರೆದಿದ್ದನ್ನ ಮಕ್ಳೇ ತಿದ್ತವೆ?" ಅಂದರು.

"ಹೌದು ಸಾರ್."

"ನಾನು ಬರೆದಿದ್ದನ್ನ?"

"ಅದನ್ನೂ ತಿದ್ದಬಹುದು ಸಾರ್."

"ನಮ್ಮನೇಲಿ ಮೂವತ್ತು ವರ್ಷ ಇದೇ ನಡೀತು ಕಣ್ರೀ. ಇನ್ನು ತಿದ್ದೋರು ಯಾರೂ ಇಲ್ಲ ಅನ್ಕಂಡಿದ್ದೆ. ಆಗ್ಲಿ, ಮಾಡಿ."

ಆದರೆ ಸರ್ಕಾರಿ ಮನುಷ್ಯ. ಸಹಿ ಇಲ್ಲದ ಕಾಗದ ಅವರಿಗೆ ಕಾಗದವೇ ಅಲ್ಲ. ಮಕ್ಕಳು ಬರೆದ ಪುಟಗಳನ್ನು ಪ್ರಿಂಟ್ ತೆಗೆಸಿ, ಪ್ರತಿಯೊಂದಕ್ಕೂ ಹಸಿರು ಶಾಯಿಯಲ್ಲಿ ಸಹಿ ಹಾಕಿ ಸೀಲ್ ಒತ್ತಿದರು. ಸೀಲು ಒಣಗುವಷ್ಟರಲ್ಲಿ ಮಕ್ಕಳು ಪುಟ ಬದಲಾಯಿಸಿದ್ದರು. ಮತ್ತೆ ಪ್ರಿಂಟ್, ಮತ್ತೆ ಸಹಿ. ನಾಲ್ಕನೇ ದಿನ ಸಾಕಾಗಿ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: "ಇಲ್ಲಿ ಯಾರು ಬೇಕಾದರೂ ತಿದ್ದಬಹುದು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು."

ಮಧ್ಯಾಹ್ನದ ಊಟದ ಹೊತ್ತಿಗೆ ಎರಡನೇ ವಾಕ್ಯದ ಮೇಲೆ ಯಾರೋ ಪೆನ್ಸಿಲ್ ಗೀಟು ಎಳೆದಿದ್ದರು. ಹೆಡ್‌ಮಾಸ್ಟರು ಬಂದರು, ಕನ್ನಡಕ ಏರಿಸಿ ನೋಡಿದರು. ಈಗ ಯಾರಿಗೆ ಏಟು ಬೀಳುತ್ತದೋ ಅಂತ ಮಕ್ಕಳು ಕಾಯುತ್ತಾ ನಿಂತಿದ್ದವು. ಅವರು ಜೇಬಿನಿಂದ ಪೆನ್ನು ತೆಗೆದು ಆ ಗೀಟಿನ ಪಕ್ಕ ಹಸಿರು ಶಾಯಿಯಲ್ಲಿ ಸಹಿ ಹಾಕಿ ಹೊರಟುಹೋದರು.

೨. ಕಲ್ಲಿನ ಕಥೆ

ಊರಾಚೆ ಹಳ್ಳದ ದಡದಲ್ಲಿ ಒಂದು ದೊಡ್ಡ ಬಂಡೆ ಇದೆ. ಅತ್ತೆಕಲ್ಲು ಅಂತ ಹೆಸರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಿಕಿಯಲ್ಲಿ ಬರೆದಳು: "ಇಲ್ಲಿ ಸೊಸೆಯು ಅತ್ತೆಯನ್ನು ಹಳ್ಳಕ್ಕೆ ತಳ್ಳಿದಳು. ನಮ್ಮಜ್ಜಿ ಹೇಳಿದ್ದು." ಮಾರನೇ ದಿನ ಅವಳ ಪಕ್ಕದಲ್ಲೇ ಕೂರುವ ಹುಡುಗಿ ಅದನ್ನು ಅಳಿಸಿ ಬರೆದಳು: "ಅತ್ತೆಯು ಸೊಸೆಯನ್ನು ತಳ್ಳಿದಳು. ನಮ್ಮಜ್ಜಿ ಹೇಳಿದ್ದು." ಅದರ ಮಾರನೇ ದಿನ ಮತ್ತೆ ಸೊಸೆ ತಳ್ಳಿದಳು. ಹದಿನೈದು ದಿನ ಒಬ್ಬರನ್ನೊಬ್ಬರು ತಳ್ಳುತ್ತಲೇ ಇದ್ದರು.

ಆಮೇಲೆ ತಿಳಿಯಿತು. ಆ ಇಬ್ಬರು ಅಜ್ಜಿಯರು ಅತ್ತಿಗೆ-ನಾದಿನಿ. ಒಂದು ಸಾವಿನ ಮನೆಯಲ್ಲಿ ಆಡಿದ ಯಾವುದೋ ಮಾತಿಗೆ ಮುನಿಸಿಕೊಂಡು, ಎದುರು ಬದುರು ಮನೆಯಲ್ಲಿದ್ದರೂ ಎಷ್ಟೋ ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಈಗ ಮೊಮ್ಮಕ್ಕಳ ಕೈಯಲ್ಲಿ ವಿಕಿಯೊಳಗೆ ಜಗಳ ಆಡುತ್ತಿದ್ದರು.

ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಛತ್ರಿ ಹಿಡಿದು ಶಾಲೆಗೇ ಬಂದರು. "ಟೀಚರಮ್ಮ, ಅವ್ಳು ಬರ್ಸಿದ್ದು ಯಾವ್ ಡಬ್ಬೀಲಿ ಐತೆ ತೋರ್ಸವ್ವ, ನಾನೇ ಒರಸ್ಬುಡ್ತೀನಿ." ಮಾತು ಮುಗಿಯುವಷ್ಟರಲ್ಲಿ ಇನ್ನೊಬ್ಬ ಅಜ್ಜಿಯೂ ಬಂದರು. ಯಾರೋ ಸುದ್ದಿ ಮುಟ್ಟಿಸಿರಬೇಕು. ಲ್ಯಾಬಿನೊಳಗೆ ಕಂಪ್ಯೂಟರ್ ಮುಂದೆ ನಿಂತು ಇಬ್ಬರೂ ಬಾಯಿಗೆ ಬಂದದ್ದು ಆಡಿದರು. ಅತ್ತೆಯಿಂದ ಶುರುವಾದದ್ದು ಆ ಸಾವಿನ ಮನೆಯವರೆಗೆ ಹೋಯಿತು. ಒಬ್ಬರು ಅತ್ತರು. ಇನ್ನೊಬ್ಬರು "ನೀನ್ ಅವತ್ತೇ ಅಳಬೋದಿತ್ತಲ್ಲೇ, ಇಷ್ಟ್ ವರ್ಸ ಯಾಕ್ ಸುಮ್ಕಿದ್ದೆ" ಅಂತ ಬೈಯುತ್ತಾ ತಾವೂ ಅತ್ತರು. ನಾನು ಇಬ್ಬರಿಗೂ ಟೀ ತರಿಸಿದೆ.

ಹೋಗುವಾಗ ಕೇಳಿದೆ, "ಅಜ್ಜೀ, ಮಕ್ಕಳು ಏನಂತ ಬರೀಲಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವತ್ತು ಆ ಪುಟದಲ್ಲಿ ಬಿದ್ದ ವಾಕ್ಯವನ್ನು ಆಮೇಲೆ ಯಾರೂ ತಿದ್ದಲಿಲ್ಲ: "ಇಬ್ಬರೂ ಬಿದ್ದರು. ಕಲ್ಲು ಹಂಗೇ ಐತೆ."

೩. ಆನೆ ಪುಟ

ಹತ್ತನೇ ತರಗತಿಯ ಒಬ್ಬ ಹುಡುಗಿಯ ತಂದೆ ಬೆಳಿಗ್ಗೆ ಎಸ್ಟೇಟ್ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಆನೆ ತುಳಿದು ಸತ್ತರು. ಹುಡುಗಿ ಎರಡು ವಾರ ಬರಲಿಲ್ಲ. ಬಂದ ದಿನ ನೇರ ನನ್ನ ಹತ್ತಿರ ಬಂದು, "ಮೇಡಂ, ವಿಕೀಲಿ ಒಂದು ಪುಟ ಮಾಡ್ಬೋದಾ?" ಅಂದಳು.

ಪುಟದ ಹೆಸರು "ಆನೆ ಎಲ್ಲಿದೆ". ಶಾಲೆಗೆ ನಾಲ್ಕು ದಾರಿ. ಯಾವ ದಾರಿಯಲ್ಲಿ ಬಂದವರು ಬೆಳಿಗ್ಗೆ ಏನು ಕಂಡರೋ, ಹೆಜ್ಜೆಯೋ, ಲದ್ದಿಯೋ, ಮುರಿದ ಬಾಳೆಯೋ, ಬಂದ ಕೂಡಲೇ ಬರೆಯಬೇಕು. ಸಂಜೆ ಅದನ್ನು ನೋಡಿಕೊಂಡು ಮನೆಗೆ ಹೋಗುವುದು. ಕರೆಂಟ್ ಇಲ್ಲದ ದಿನ ಕಪ್ಪು ಹಲಗೆಯೇ ವಿಕಿ. ನಾನು ಕಲಿಸಿದ ಎಲ್ಲ ಪಾಠಗಳಿಗಿಂತ ಆ ಪುಟ ಉಪಯೋಗಕ್ಕೆ ಬಂತು. ನಾಲ್ಕೂ ದಾರಿಯಲ್ಲಿ ಆನೆ ಇದೆ ಅಂತ ಬಂದರೆ ಮಧ್ಯಾಹ್ನವೇ ಬೆಲ್ ಹೊಡೆದು, ದೊಡ್ಡವರನ್ನು ಜೊತೆ ಮಾಡಿ ಮಕ್ಕಳನ್ನು ಕಳಿಸುವುದು ಅಂತ ಹೆಡ್‌ಮಾಸ್ಟರು ನಿಯಮ ಮಾಡಿದರು.

ನಿಯಮ ಮಾಡಿದ ಮೇಲೆ ಮಕ್ಕಳು ಸುಮ್ಮನಿರುತ್ತವೆಯೇ? ಒಂದು ದಿನ ಎರಡು ಗಂಟೆಗೆ ಗಣಿತದ ಪರೀಕ್ಷೆ. ಹನ್ನೆರಡೂವರೆಗೆ ನೋಡಿದರೆ ನಾಲ್ಕೂ ದಾರಿಯಲ್ಲಿ ಆನೆ! ಒಂದು ಕಡೆ ಮರಿ ಬೇರೆ. ಹೆಡ್‌ಮಾಸ್ಟರು ಗಾಬರಿಯಾಗಿ, "ಬೆಲ್ ಹೊಡೀರಿ, ಬೆಲ್ ಹೊಡೀರಿ" ಅಂತ ವರಾಂಡಕ್ಕೆ ಓಡಿದರು.

ಆ ಹುಡುಗಿ ಮಾತ್ರ ಎದ್ದು ಕಂಪ್ಯೂಟರ್ ಮುಂದೆ ಕೂತಳು. ಯಾರು, ಯಾವ ಹೊತ್ತಿಗೆ, ಯಾವ ಕಂಪ್ಯೂಟರಿನಿಂದ ಬರೆದದ್ದು ಅಂತ ಹಿಂದಿನ ಪುಟ ತೆಗೆದು ನೋಡಿದಳು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ನಾವೆಲ್ಲ ಅವಳ ಹಿಂದೆ ನಿಂತು ಓದಿದೆವು:

"ಯಾವ ದಾರಿಯಲ್ಲೂ ಆನೆ ಇಲ್ಲ. ನಾಲ್ಕು ದಾರಿಯ ಆನೆಯನ್ನೂ ಮೂರನೇ ಬೆಂಚಿನಲ್ಲಿ ಕೂತವನು ಒಬ್ಬನೇ ಕಂಡಿದ್ದಾನೆ. ಅವನ ಮನೆ ಇರುವುದು ಶಾಲೆಯ ಎದುರಿಗೆ."

ಲ್ಯಾಬು ತುಂಬಾ ನಗು. ಅವಳೂ ನಕ್ಕಳು. ಆ ವರ್ಷ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪರೀಕ್ಷೆ ನಡೆಯಿತು. ಮೂರನೇ ಬೆಂಚಿನವನಿಗೆ ಇಪ್ಪತ್ತೈದಕ್ಕೆ ನಾಲ್ಕು ಬಂತು, ದಾರಿಗೆ ಒಂದರಂತೆ.

೪. ಮಾನ್ಯರೇ

ನಮ್ಮ ಕಡೆಯ ಮಕ್ಕಳಿಗೆ ಅಕಾರ ಹಕಾರದ ಜಗಳ ಹುಟ್ಟಿದಾಗಿನಿಂದ ಇದ್ದದ್ದೇ. ಹಾಲು ಅನ್ನಬೇಕಾದಲ್ಲಿ ಆಲು ಅನ್ನುತ್ತವೆ. ತಿದ್ದಿದರೆ ಹೆದರಿ ಆನೆಯನ್ನೂ ಹಾನೆ ಮಾಡುತ್ತವೆ. ವಿಕಿಯ ತುಂಬ ಅಂಥವೇ. ಒಂದು ಸೋಮವಾರ ನೋಡುತ್ತೇನೆ, ಎಲ್ಲ ತಪ್ಪೂ ಸರಿಯಾಗಿವೆ! ಹೆಸರಿಲ್ಲ. ತಿದ್ದಿದ್ದು ಭಾನುವಾರ ಮಧ್ಯಾಹ್ನ. ಶಾಲೆಗೆ ಬೀಗ. ಮುಂದಿನ ಸೋಮವಾರವೂ ಹಾಗೇ.

ಹೆಡ್‌ಮಾಸ್ಟರ ಮುಖ ಬಿಳುಚಿಕೊಂಡಿತು. "ಮೇಲಿನವರು ನೋಡ್ತಾವ್ರೆ ಕಣ್ರೀ. ಮಕ್ಳು ಕಮ್ಮಿ ಅಂತ ಮೊದ್ಲೇ ಶಾಲೆ ಮುಚ್ಚೋ ಮಾತು ನಡೀತೈತೆ. ಇಂಥ ತಪ್ಪು ಕಂಡ್ರೆ ಕೇಳ್ಬೇಕಾ?" ಅಂದವರೇ ಕೂತು, ಪುಟದ ಕೆಳಗೆ ತಾವೇ ಬರೆದರು: "ಮಾನ್ಯರೇ, ತಾವು ದಯಮಾಡಿ ನಮ್ಮ ಶಾಲೆಯ ತಪ್ಪುಗಳನ್ನು ತಿದ್ದುತ್ತಿರುವುದು ನಮ್ಮ ಗಮನಕ್ಕೆ ಬಂದಿದೆ. ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸಲಾಗುವುದು. ತಮ್ಮ ವಿಧೇಯ."

ಮುಂದಿನ ಸೋಮವಾರ ಉತ್ತರ ಬಂದಿತ್ತು:

"ಸಾರ್, ನಾನು ಎಂಟನೇ ಕ್ಲಾಸಿನಲ್ಲಿ ಕಿಟಕಿ ಹತ್ತಿರ ಕೂರುತ್ತಿದ್ದವಳು. ಟಿ.ಸಿ. ತಗೊಂಡು ಹೋದೆವಲ್ಲ. ನಮ್ಮ ತರಗತಿ ಅನ್ನುವ ಪುಟದಲ್ಲಿ ನನ್ನ ಹೆಸರು ತೆಗೆದಿದ್ದಾರೆ. ವಾಪಸ್ ಹಾಕೋಣ ಅಂತ ಬಂದೆ. ಹಂಗೇ ತಪ್ಪು ಕಾಣಿಸಿತು."

ಅವಳು ಹಾಸನದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಇಂಟರ್ನೆಟ್ಟೂ ಇತ್ತು. ಎಂಟನೇ ಕ್ಲಾಸಿನಲ್ಲಿ ಇದೇ ಅಕಾರ ಹಕಾರದ ತಪ್ಪಿಗೆ ಹೆಡ್‌ಮಾಸ್ಟರು ಅವಳನ್ನು ಎರಡು ಸಲ ಹೊರಗೆ ನಿಲ್ಲಿಸಿದ್ದರು. "ಇಷ್ಟು ಚೆನ್ನಾಗಿ ಬರೆಯೋದು ಎಲ್ಲಿ ಕಲಿತೆ?" ಅಂತ ಅವರು ಕೇಳಿದ್ದಕ್ಕೆ ಬಂದ ಉತ್ತರ: "ಈಗ ಸ್ಕೂಲಿಗೆ ಹೋಗಲ್ಲವಲ್ಲ ಸಾರ್. ಓದೋಕೆ ಪುರುಸೊತ್ತು ಸಿಗ್ತದೆ."

ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿದರು. ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ. ಮುಂದಿನ ಭಾನುವಾರ ಅವರೇ ಹಾಸನದ ಬಸ್ಸು ಹತ್ತಿದರು. ಕೆಲಸದ ಜೊತೆಗೇ ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆಗೆ ಕೂರಿಸಲು ಅವಳ ತಾಯಿಯನ್ನು ಒಪ್ಪಿಸುವುದು ಅವರ ಲೆಕ್ಕ.

ಸೋಮವಾರ ಕೇಳಿದೆ, "ಒಪ್ಪಿದರಾ ಸಾರ್?"

"ತಾಯಿ ಒಪ್ಪಿದ್ಲು ಮಾರಾಯ್ತಿ," ಅಂದು ಒಂದು ಕಾಗದ ಮುಂದೆ ಇಟ್ಟರು. "ಆದ್ರೆ ನಾನು ಬರ್ಕೊಟ್ಟ ಅರ್ಜೀಲಿ ಮಗಳು ಮೂರು ತಪ್ಪು ತೋರ್ಸಿದ್ಲು."

೫. ಚಾರ್ಜ್ ಲಿಸ್ಟು

ಎರಡು ವರ್ಷದ ಮೇಲೆ ಶಾಲೆ ಮುಚ್ಚಿತು. ವಿಲೀನ ಅಂತ ಆದೇಶದಲ್ಲಿತ್ತು. ಉಳಿದಿದ್ದ ಮಕ್ಕಳನ್ನು ದೂರದ ಶಾಲೆಗೆ ಸೇರಿಸಿ, ಬೆಂಚು, ಗ್ಲೋಬು, ಕಂಪ್ಯೂಟರು ಎಲ್ಲ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಹೆಡ್‌ಮಾಸ್ಟರಿಗೆ ಅದೇ ತಿಂಗಳು ನಿವೃತ್ತಿ. ಎಲ್ಲ ಸಾಮಾನು ಒಪ್ಪಿಸಿದ್ದಾರೆ ಅಂತ ಕಾಗದ ಆದರೆ ಮಾತ್ರ ಅವರ ಪಿಂಚಣಿ ಕಡತ ಮುಂದೆ ಹೋಗುವುದು.

ಮೇಲಿನ ಕಚೇರಿಯಿಂದ ಬಂದ ಗುಮಾಸ್ತರು ಚಾರ್ಜ್ ಲಿಸ್ಟು, ಅಂದರೆ ಒಪ್ಪಿಸಬೇಕಾದ ಸಾಮಾನಿನ ಪಟ್ಟಿ ಹಿಡಿದು ಎಲ್ಲ ಎಣಿಸಿದರು. ಕೊನೆಗೆ, "ವಿಕಿ ಎಲ್ಲಿ?" ಅಂದರು.

ಹೆಡ್‌ಮಾಸ್ಟರು ವಾರ್ಷಿಕ ವರದಿಯಲ್ಲಿ "ಶಾಲೆಯಲ್ಲಿ ಒಂದು ವಿಕಿ ಇದ್ದು, ಮಕ್ಕಳು ಪ್ರತಿದಿನ ಬಳಸುತ್ತಾರೆ" ಅಂತ ಹೆಮ್ಮೆಯಿಂದ ಬರೆದಿದ್ದರು. ಅದು ಸಾಮಾನಿನ ಪಟ್ಟಿಗೆ ಸೇರಿಬಿಟ್ಟಿತ್ತು.

"ಅದು ಇಂಟರ್ನೆಟ್ಟಲ್ಲಿದೆ ಸಾರ್," ಅಂದೆ.

"ಅಂದ್ರೆ ಈ ಕಟ್ಟಡದಲ್ಲಿ ಇಲ್ಲ?"

"ಇಲ್ಲ."

ಗುಮಾಸ್ತರು ಬರೆದುಕೊಂಡರು: ವಿಕಿ, ಒಂದು, ಹೊರಗಡೆ ಇದೆ.

ಎಂಟು ದಿನಕ್ಕೆ ಮೆಮೊ ಬಂತು: "ಹೊರಗಡೆ ಇರುವ ವಿಕಿಯನ್ನು ಕೂಡಲೇ ಒಳಗೆ ತಂದಿಡತಕ್ಕದ್ದು." ಹೆಡ್‌ಮಾಸ್ಟರು ತಾಳ್ಮೆಯಿಂದ ಉತ್ತರ ಬರೆದರು: "ವಿಕಿಯು ವಸ್ತುವಲ್ಲ. ಅದು ಮಕ್ಕಳ ಬಳಕೆಯಲ್ಲಿದೆ." ಇನ್ನೊಂದು ಮೆಮೊ ಬಂತು: "ಮಕ್ಕಳ ವಶದಲ್ಲಿರುವ ವಿಕಿಯನ್ನು ಹಿಂಪಡೆದು, ಬಳಕೆಗೆ ಯೋಗ್ಯವಲ್ಲದಿದ್ದಲ್ಲಿ ಮಹಜರು ನಡೆಸಿ ಸುಡತಕ್ಕದ್ದು."

ಹೆಡ್‌ಮಾಸ್ಟರು ಖಾಲಿ ಕೋಣೆಯಲ್ಲಿ ಕೂತು ಆ ಕಾಗದ ನೋಡುತ್ತಲೇ ಇದ್ದರು. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಒಂದು ಸುಳ್ಳು ಕಾಗದ ಬರೆದವರಲ್ಲ.

"ಸಾರ್, ಸುಟ್ಟೆವು ಅಂತ ಬರೆದುಬಿಡಿ," ಅಂದೆ. "ಪಿಂಚಣಿ ನಿಂತಿದೆ."

"ಸುಡದೇ ಹೆಂಗ್ರೀ ಬರೀಲಿ?"

ಕೊನೆಗೆ, ಹಿಂದೆ ಹಸಿರು ಸಹಿ ಹಾಕಿದ್ದ ವಿಕಿ ಪ್ರಿಂಟುಗಳಲ್ಲಿ ಒಂದು ಪುಟ ಉಳಿದಿತ್ತು, ಅದನ್ನು ಅಂಗಳಕ್ಕೆ ತಂದೆವು. ನಾನು, ಅಡುಗೆಯ ಅಮ್ಮ, ಟ್ರ್ಯಾಕ್ಟರ್ ಡ್ರೈವರು ಸಾಕ್ಷಿ. ಹೆಡ್‌ಮಾಸ್ಟರು ತಾವೇ ಕಡ್ಡಿ ಗೀರಿದರು. ಕಾಗದ ಉರಿಯುವಾಗ ಅವರ ಕಣ್ಣಲ್ಲಿ ನೀರು. ಅಡುಗೆಯ ಅಮ್ಮನೂ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಪಾಪ, ಎಷ್ಟ್ ವರ್ಸ ಆಗಿತ್ತು ಅದಕ್ಕೆ?" ಅಂತ ಡ್ರೈವರನ್ನು ಮೆಲ್ಲಗೆ ಕೇಳಿದರು. ಮಹಜರಿಗೆ ಎಲ್ಲರೂ ಸಹಿ ಹಾಕಿ ಕಳಿಸಿದೆವು.

ಇನ್ನು ಮುಗಿಯಿತು ಅಂದುಕೊಂಡೆವು. ಹತ್ತು ದಿನಕ್ಕೆ ಮೂರನೇ ಮೆಮೊ ಬಂತು: "ಮಹಜರು ತಲುಪಿದೆ. ಸದರಿ ವಿಕಿಯ ಬೂದಿ ಯಾರ ವಶದಲ್ಲಿದೆ ಎಂಬುದನ್ನು ತಿಳಿಸತಕ್ಕದ್ದು."

ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಉತ್ತರ ಬರೆದರು, ಸಹಿ ಹಾಕಿದರು. ಮುಂದಿನ ತಿಂಗಳೇ ಅವರ ಪಿಂಚಣಿ ಬಂತು.

ನಾನು ಆಮೇಲೆ ಮೂರು ಶಾಲೆ ಬದಲಾಯಿಸಿದೆ. ಹೋದಲ್ಲೆಲ್ಲ ನನ್ನ ಸೇವಾ ಪುಸ್ತಕವೂ ಬರುತ್ತದೆ. ಅದನ್ನು ಮೊದಲ ಸಲ ಓದುವ ಪ್ರತಿ ಹೆಡ್‌ಮಾಸ್ಟರೂ "ವಿಕಿಯ ಬೂದಿ ಇವರ ವಶದಲ್ಲಿದೆ" ಅನ್ನುವ ಸಾಲಿಗೆ ನಿಂತು, ನನ್ನ ಮುಖ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ಈ ವಿಕಿ ಅನ್ನೋರು ತಮಗೆ ಏನಾಗಬೇಕಿತ್ತು?"